ಅಡಿಕೆ ತೋಟ ಮಾಡಿಕೊಂಡು ಮೊಬೈಲ್‌ನಿಂದ ಅರ್ಧ ದಿನವಾದ್ರೂ ದೂರ ಇರೋದು ಹೇಗೆ?

ತುಂಗೆ ದಡದ ತೋಟ (ತೀರ್ಥಹಳ್ಳಿ ತಾಲೂಕು)

ಎಲ್ಲರಿಗೂ ನಮಸ್ಕಾರ. ರೋಗದ ಬಗ್ಗೆ ಕೇಳೋಕೆ ಬಂದಿಲ್ಲ, ದರದ ಬಗ್ಗೆಯೂ ಅಲ್ಲ. ಅವೆರಡರ ಬಗ್ಗೆ ದಿನವಿಡೀ ಓದೀ ಓದೀ ತಲೆ ಕೆಟ್ಟುಹೋಗಿದೆ, ಅದಕ್ಕೇನಾದ್ರೂ ಮದ್ದಿದೆಯಾ ಅಂತ ಕೇಳೋಕೆ ಬಂದೆ.

ನಮ್ಮದು ಮೂರು ಎಕರೆ ಅಡಿಕೆ, ಒಂದಿಷ್ಟು ಗದ್ದೆ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಎಲೆಚುಕ್ಕೆ ರೋಗ ನಮ್ಮ ಭಾಗಕ್ಕೆ ಕಾಲಿಟ್ಟ ಮೇಲೆ ವಾಟ್ಸಾಪ್ ಗುಂಪುಗಳು ಮೊದಲ ಮಳೆಗೆ ಅಣಬೆ ಎದ್ದ ಹಾಗೆ ಎದ್ದಿವೆ. ಶಿವಮೊಗ್ಗ ಮಂಡಿ ದರದ್ದು ಒಂದು, ಸಾಗರ ಸಿರ್ಸಿ ದರ ಹಾಕೋದು ಇನ್ನೊಂದು. ಎಲೆಚುಕ್ಕೆ ಅಂತಲೇ ಮಾಡಿದ್ದು ಒಂದು, ಅಲ್ಲಿ ಜಗಳ ಆಡಿ ಹೊರಗೆ ಬಂದ ಸಾವಯವದವರು ಕಟ್ಟಿದ್ದು ಮತ್ತೊಂದು. ಮಳೆ ಮುನ್ಸೂಚನೆ, ಕೊನೆಗಾರರ (ಮರ ಹತ್ತಿ ಗೊನೆ ಇಳಿಸೋರು) ಗುಂಪು, ಸೊಸೈಟಿ, ಪಂಚಾಯ್ತಿ, 'ತ್ರೀಫೇಸ್ ಕರೆಂಟ್ ಬಂತಾ?' ಅಂತ ಕೇಳೋದಕ್ಕೇ ಇರೋ ಗುಂಪು, ಹೈಸ್ಕೂಲ್ ಬ್ಯಾಚು, ನೆಂಟರು. ಇದರ ಮೇಲೆ ಯೂಟ್ಯೂಬ್. ಅಲ್ಲಿ ಒಬ್ಬರು ಚುಕ್ಕೆ ಬಿದ್ದ ಸೋಗೆ (ಅಡಿಕೆ ಎಲೆ) ಕಡಿದು ಸುಡಿ ಅಂತಾರೆ, ಇನ್ನೊಬ್ಬರು ಹಸಿರು ಸೋಗೆ ಕಡಿದ್ರೆ ಮರವೇ ಸೊರಗುತ್ತೆ ಅಂತಾರೆ. ಪ್ರೊಪಿಕೊನಜೋಲ್ ಮದ್ದು ಹೊಡಿ ಅಂತ ಒಬ್ಬರು, ಸಗಣಿ ಗಂಜಲದ ಜೀವಾಮೃತ ಸಾಕು ಅಂತ ಇನ್ನೊಬ್ಬರು, ಎಲ್ಲಾ ಪೊಟ್ಯಾಶ್ ಕೊರತೆ ಅಂತ ಮೂರನೆಯವರು. ಮೂವರ ಹಿಂದೆಯೂ ಕಾಣೋ ತೋಟ ಮಾತ್ರ ಹಚ್ಚಹಸಿರು!

ಹಳೇ ಸುದ್ದಿಗೂ ಸಾವಿಲ್ಲ. ಭೂತಾನ್‌ನಿಂದ ಹದಿನೇಳು ಸಾವಿರ ಟನ್ ಹಸಿ ಅಡಿಕೆ ಆಮದಿಗೆ ಒಪ್ಪಿಗೆ ಸಿಕ್ಕಿದ್ದು 2022ರ ಸೆಪ್ಟೆಂಬರಿನಲ್ಲಿ. ಈಗಲೂ ಅದು 'ಇದೀಗ ಬಂದ ಸುದ್ದಿ' ಅಂತ ಕೆಂಪಕ್ಷರದಲ್ಲಿ ಬರುತ್ತೆ. ಅಡಿಕೆ ಕ್ಯಾನ್ಸರ್‌ಕಾರಕ ಅನ್ನೋ ಅಂತರರಾಷ್ಟ್ರೀಯ ವರದಿ 2004ರದ್ದು, ಅದೂ ವರ್ಷಕ್ಕೊಂದು ಸಲ ಹೊಸದಾಗಿ ಹುಟ್ಟುತ್ತೆ. ಹಳೇದು ಅಂತ ಗೊತ್ತಿದ್ರೂ ಓದಿದಾಗ ಎದೆ ಒಂದು ಸಲ ಧಸಕ್ ಅನ್ನುತ್ತೆ, ಅದೇ ನೋಡಿ ತೊಂದರೆ.

ಬೆಳಗ್ಗೆ ಕಾಫಿಗೆ ಮುಂಚೆ ಶುರುವಾದ್ರೆ ರಾತ್ರಿ ಕಣ್ಣು ಮುಚ್ಚೋವರೆಗೂ ಇದೇ. ತೋಟದಲ್ಲಿ ಉದುರಿದ ಅಡಿಕೆ ಹಾಳೆ ಹೆಕ್ಕೋವಾಗಲೂ ಕಿಸೆ ಗುರ್ ಅಂದ್ರೆ ಕೈ ಹೋಗುತ್ತೆ. ನಮ್ಮನೆಯವಳ ಮಾತು: "ನೀವು ಅಡಿಕೆ ನೋಡೋದಕ್ಕಿಂತ ಅಡಿಕೆ ರೇಟು ನೋಡೋದೇ ಜಾಸ್ತಿ." ಉತ್ತರ ಕೊಡೋಕೆ ಬಾಯಿ ಬರಲಿಲ್ಲ.

ಫೋನ್ ಬಿಸಾಕಿ ಅಂತ ಹೇಳಬೇಡಿ. ಆಳಿಗೆ ಸಂಬಳ ಫೋನ್‌ಪೇನಲ್ಲಿ, ಮದ್ದು ಹೊಡೆಯೋರು ಬರ್ತಾರಾ ಇಲ್ವಾ ಅಂತ ತಿಳಿಯೋದು ಫೋನಲ್ಲಿ, ಮಗಳು ಹಾಸ್ಟೆಲ್‌ನಿಂದ ಮಾತಾಡೋದು ಫೋನಲ್ಲಿ. ಹಾಗೇ ರೆಸಾರ್ಟಿಗೆ ಹೋಗಿ ಫೋನ್ ಲಾಕರಿನಲ್ಲಿಡಿ ಅಂತಲೂ ಬೇಡ. ರೆಸಾರ್ಟಿಗೆ ಬರೋರು ದುಡ್ಡು ಕೊಟ್ಟು ನೋಡೋದೇ ನಮ್ಮಂಥವರ ತೋಟಾನ. ತೋಟ ಮಾಡಿಕೊಂಡೇ ಇದನ್ನ ಹತೋಟಿಗೆ ತಂದವರು ಯಾರಾದ್ರೂ ಇದ್ರೆ ಹೇಗೆ ಅಂತ ಹೇಳಿ.

ಕೊಡಚಾದ್ರಿ ಬುಡ (ನಿಟ್ಟೂರು)

ಮಾರಾಯ್ರೆ, ಮಳೆಗಾಲದಲ್ಲಿ ನಮ್ಮೂರಿಗೆ ಬನ್ನಿ. ಕರೆಂಟ್ ಹೋದ್ರೆ ಟವರೂ ಹೋಗುತ್ತೆ, ಎರಡೂ ಒಟ್ಟಿಗೇ ಬರೋದು. ಸರ್ಕಾರದ ಖರ್ಚಲ್ಲಿ ಡಿಜಿಟಲ್ ಉಪವಾಸ.

ತಮಾಷೆ ಬಿಡಿ, ಅದರಿಂದೇನೂ ಉಪಯೋಗ ಇಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಸಿಗ್ನಲ್ ಹುಡುಕ್ತಾ ಗುಡ್ಡ ಹತ್ತಿ ಬಂಡೆ ಮೇಲೆ ನಿಂತಾಗ ಅಷ್ಟು ದಿನದ್ದೂ ಒಟ್ಟಿಗೆ ದಬದಬ ಬೀಳುತ್ತೆ. ಕೊಡೆ ಹಿಡಕೊಂಡು, ಇಂಬಳ ಹತ್ತಿಸಿಕೊಂಡು, ಅಷ್ಟನ್ನೂ ಓದ್ತಾ ನಿಂತಿರ್ತೀವಿ. ನಾವಾಗಿ ಬಿಟ್ಟಿದ್ದಲ್ಲ ನೋಡಿ, ಅದಕ್ಕೇ.

ಶಾಲ್ಮಲೆ (ಸಿರ್ಸಿ)

ನಿಮ್ಮನೆಯವರ ಮಾತು ಓದಿ ನಗು ಬಂತು. ನಮ್ಮಲ್ಲಿ ಅದನ್ನ ಹೇಳಿದ್ದು ಅತ್ತೆ, ನನಗೆ. ಯಜಮಾನರು ಸಹಕಾರಿ ಸಂಘದ ಕೆಲಸದಲ್ಲಿ ಇರೋದರಿಂದ ತೋಟದ ವಹಿವಾಟು ನನ್ನದೇ. ಸ್ವಲ್ಪ ಉದ್ದ ಬರೀತೀನಿ, ಪುರುಸೊತ್ತಿದ್ದಾಗ ಓದಿ.

ನಾನು ನನಗೇ ಕೇಳಿಕೊಂಡ ಪ್ರಶ್ನೆ ಒಂದೇ: ಈ ಸುದ್ದಿ ಇಟ್ಟುಕೊಂಡು ನಾನು ಇವತ್ತು ಏನಾದ್ರೂ ಮಾಡ್ತೀನಾ?

ದರ ತಗೊಳ್ಳಿ. ಅಡಿಕೆ ಟೊಮೆಟೊ ಅಲ್ಲ. ಒಣಗಿಸಿ ಚೀಲ ತುಂಬಿಸಿಟ್ಟ ರಾಶಿ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಆರು ತಿಂಗಳಿಗೂ ಕೆಡೋದಿಲ್ಲ, ಚಾಲಿ (ಹಣ್ಣಡಿಕೆ ಬಿಸಿಲಿಗೆ ಒಣಗಿಸಿ ಸುಲಿದದ್ದು) ಆದರೆ ಇನ್ನೂ ಹೆಚ್ಚು ಕಾಲ ಇಡಬಹುದು. ನಾವು ಮಾರೋದು ಬೆಳೆಸಾಲ ತುಂಬೋ ಹೊತ್ತಿಗೆ ಒಂದಿಷ್ಟು, ಮಳೆಗೆ ಮುಂಚೆ ಒಂದಿಷ್ಟು, ಉಳಿದದ್ದು ಚೌತಿ ಆಸುಪಾಸಿನಲ್ಲಿ. ಆ ವಾರ ಬಿಟ್ಟು ಬೇರೆ ದಿನ ಕ್ವಿಂಟಾಲಿಗೆ ಐನೂರು ಏರಿತು, ಮುನ್ನೂರು ಇಳೀತು ಅಂತ ತಿಳಿದು ನಾನು ಮಾಡೋದು ಏನೂ ಇಲ್ಲ. ಸಂಕಟಪಡೋದು ಮಾತ್ರ. ನಮ್ಮ ತೋಟಗಾರ್ಸ್ ಸೊಸೈಟಿ ಹುಟ್ಟಿದ್ದು 1923ರಲ್ಲಿ. ಸಂಸ್ಥೆಯ ಆಯಸ್ಸಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಕಾಲ ಸದಸ್ಯರಿಗೆ ದರ ತಿಳೀತಿದ್ದದ್ದು ಪೇಟೆಗೆ ಹೋದಾಗ ಬೋರ್ಡಿನಲ್ಲಿ, ಇಲ್ಲಾ ಮರುದಿನದ ಪೇಪರಿನಲ್ಲಿ. ಮಾವ ಪೇಪರಿನಲ್ಲಿ ಆ ಕಾಲಂ ಓದಿ, ಕನ್ನಡಕ ತೆಗೆದಿಟ್ಟು, ತೋಟಕ್ಕೆ ಇಳೀತಿದ್ರು. ಮುಗೀತು.

ಇನ್ನೊಂದು. ಗುಂಪುಗಳಲ್ಲಿ ಓಡಾಡೋದು ಹೆಚ್ಚಾಗಿ ಗರಿಷ್ಠ ದರ. ಅದು ಯಾರದ್ದೋ ಒಂದು ಒಳ್ಳೇ ಲಾಟಿಗೆ ಬಿದ್ದದ್ದು. ನಮ್ಮ ನಿಮ್ಮ ಮಾಲಿಗೆ ಸಿಗೋದು ಅದರ ಕೆಳಗಿನದ್ದು. ಹಾಗಾಗಿ ಎಲ್ಲರಿಗೂ ತಮ್ಮೊಬ್ಬರಿಗೇ ಮೋಸ ಆಯ್ತು ಅನ್ನಿಸ್ತಾ ಇರುತ್ತೆ. ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಕನಿಷ್ಠ, ಗರಿಷ್ಠ, ಸಾಮಾನ್ಯ ದರ ಮೂರೂ ಇರುತ್ತೆ. ಮಾರೋ ವಾರದಲ್ಲಿ ನಾನು ಅದನ್ನ ಸಂಜೆ ಒಂದು ಸಲ ನೋಡ್ತೀನಿ. ದರದ ಗುಂಪುಗಳಿಂದ ಹೊರಗೆ ಬಂದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಬಹುಶಃ ಯಾರಿಗೂ ಗೊತ್ತೇ ಆಗಲಿಲ್ಲ.

ಮದ್ದಿನ ವಿಷಯ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಿರಿ ಅಂತ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅನ್ನೋ ಕೆನಡಾದ ವಿಜ್ಞಾನಿ ಹೇಳಿದ್ದು 1910ರ ಸುಮಾರಿಗೆ. ಇವತ್ತಿಗೂ ಅದೇ ಅಳತೆ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ಬಂತಾ ನೋಡೋಕೆ ಇವತ್ತಿಗೂ ಹೊಳೆಯೋ ಚೂರಿ ಅದ್ದಿ ನೋಡೋದೇ. ಚೂರಿ ಮೇಲೆ ಕೆಂಪು ತಾಮ್ರ ಕೂತ್ರೆ ಸುಣ್ಣ ಸಾಲದು ಅಂತ. ಮುಂಗಾರು ಹಿಡಿಯೋಕೆ ಮುಂಚೆ ಒಂದು, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಂದು. ನೂರು ವರ್ಷ ದಾಟಿದ ಕ್ರಮಕ್ಕೆ ದಿನಕ್ಕೊಂದು ವಿಡಿಯೋ ಯಾಕೆ ಬೇಕು? ಹೊಡೆಯೋ ದಿನ ಮಳೆ ಬಿಡುವು ಕೊಡುತ್ತಾ ಅನ್ನೋದೊಂದೇ ಹೊಸ ಸುದ್ದಿ. ಅದಕ್ಕೆ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ವರುಣಮಿತ್ರಕ್ಕೆ ಫೋನ್ ಮಾಡಿದ್ರೆ ನಮ್ಮ ಭಾಗದ್ದು ಹೇಳ್ತಾರೆ.

ಎಲೆಚುಕ್ಕೆ ಬೇರೆ, ಅದು ನಮಗೆ ಹೊಸದು, ನಿಮ್ಮ ಗಾಬರಿ ಅರ್ಥವಾಗುತ್ತೆ. ಅದಕ್ಕೆ ನಾನು ಮಾಡಿದ್ದು ಇಷ್ಟು: ಒಂದು ನೋಟ್‌ಬುಕ್. ಅನುಮಾನ ಬಂದಾಗ ಹುಡುಕೋಕೆ ಹೋಗದೆ ಅದರಲ್ಲಿ ಬರೀತೀನಿ. ನಾಲ್ಕೈದು ಸೇರಿದ ಮೇಲೆ ಚುಕ್ಕೆ ಬಿದ್ದ ಸೋಗೆ ಸಮೇತ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗ್ತೀನಿ. ಹೋಗೋಕೆ ಆಗದಿದ್ರೆ ಕಿಸಾನ್ ಕಾಲ್ ಸೆಂಟರ್ ಇದೆ, 1800-180-1551, ಕನ್ನಡದಲ್ಲೇ ಮಾತಾಡ್ತಾರೆ. ತಮಾಷೆ ಅಂದ್ರೆ, ಬರೆದಿಟ್ಟ ಪ್ರಶ್ನೆಗಳಲ್ಲಿ ಅರ್ಧ ಹೋಗೋ ಹೊತ್ತಿಗೆ ತಾವಾಗೇ ಬಿದ್ದುಹೋಗಿರ್ತವೆ. ಇನ್ನು ಓದೋ ಚಟಕ್ಕೆ ಅಡಿಕೆ ಪತ್ರಿಕೆ ಇದೆ. 1988ರಿಂದ ಬರ್ತಿದೆ, ತಿಂಗಳಿಗೊಂದು. ತೋಟ ಮಾಡಿದವರೇ, ಮಾಡಿ ನೋಡಿ ಬರೆದದ್ದು. ನಾಲ್ಕು ತಿಂಗಳು ಹಳೇ ಸಂಚಿಕೆಯೂ ಕೆಲಸಕ್ಕೆ ಬರುತ್ತೆ. ನಿನ್ನೆಯ ಫಾರ್ವರ್ಡ್ ಬರೋದಿಲ್ಲ.

ಫೋನಿನ ಕ್ರಮ ಇಷ್ಟೇ: ಮಧ್ಯಾಹ್ನ ಊಟ ಆದಮೇಲೆ ಸಂಜೆ ದೀಪ ಹಚ್ಚೋವರೆಗೆ ನೆಟ್ ಬಂದ್. ಫೋನ್ ಬಂದ್ ಅಲ್ಲ, ನೆಟ್ ಮಾತ್ರ. ಜಗುಲಿಯಲ್ಲಿ ಇಟ್ಟು ರಿಂಗ್ ದೊಡ್ಡದು ಮಾಡಿರ್ತೀನಿ. ಕೊನೆಗಾರರಿಗೆ, ಆಳುಗಳಿಗೆ, ಮಕ್ಕಳಿಗೆ ಎಲ್ಲರಿಗೂ ಹೇಳಿಟ್ಟಿದ್ದೀನಿ: ಅರ್ಜೆಂಟ್ ಇದ್ರೆ ಕಾಲ್ ಮಾಡಿ, ಮೆಸೇಜ್ ಹಾಕಬೇಡಿ. ಕಾಲ್ ಮಾಡೋಷ್ಟು ಅರ್ಜೆಂಟು ಎಷ್ಟು ಕಡಿಮೆ ಇರುತ್ತೆ ಅಂತ ಆಗ ತಿಳಿಯೋದು. ಸಂಬಳ ಕೊಡೋ ಹೊತ್ತಿಗೆ ನೆಟ್ ಹಾಕಿ, ಕೊಟ್ಟು, ತೆಗೀತೀನಿ. ಆ ಎರಡು ನಿಮಿಷದಲ್ಲಿ ಏನೇನೋ ಇಣುಕಿ ನೋಡುತ್ತೆ, ಅದೊಂದು ಮಾತ್ರ ಈಗಲೂ ಕಷ್ಟವೇ.

ಸುಲಿಯೋ ಹಂಗಾಮಿನಲ್ಲಿ ಮಾತ್ರ ನಾನು ವ್ರತಸ್ಥೆ ಅಲ್ಲ. ರಾತ್ರಿ ಹೆಂಗಸರೆಲ್ಲ ಸೇರಿ ಅಡಿಕೆ ಸುಲಿಯೋವಾಗ ಮೊದಲೇ ಡೌನ್‌ಲೋಡ್ ಮಾಡಿಟ್ಟ ತಾಳಮದ್ದಳೆ ಬೇಕೇ ಬೇಕು. ಅದನ್ನ ಬಿಡು ಅಂದ್ರೆ ಸುಲಿಯೋರೂ ಬರೋದಿಲ್ಲ.

ಬಯಲುಸೀಮೆ ಹುಡುಗ (ಚನ್ನಗಿರಿ)

ಅಕ್ಕಾ, ಬರೆದಿದ್ದು ಚೆನ್ನಾಗಿದೆ, ಆದ್ರೆ ಒಂದು ಮಾತು ಒಪ್ಪಲ್ಲ. 'ಮಾವನವರ ಕಾಲದಲ್ಲಿ ಪೇಪರ್ ಓದಿ ಸುಮ್ಮನಿರ್ತಿದ್ರು' ಅನ್ನೋದು ಸೊಸೈಟಿ ಗಟ್ಟಿಯಾಗಿದ್ದ ಊರಿನ ಮಾತು. ನಮ್ಮ ಕಡೆ ತೋಟ ಕೇಣಿಗೆ ಕೊಡ್ತೀವಿ, ಅಂದ್ರೆ ಮರದಲ್ಲಿರೋ ಫಸಲನ್ನೇ ಮಾರಿಬಿಡ್ತೀವಿ. ಕೇಣಿದಾರ ಬಂದು ಕಟ್ಟೆ ಮೇಲೆ ಕೂತು "ರೇಟ್ ಬಿದ್ದೋಗ್ಯದೆ ಗೌಡ್ರೆ" ಅಂದ್ರೆ ನಮ್ಮಪ್ಪ ನಂಬಬೇಕಿತ್ತು, ಯಾಕಂದ್ರೆ ಪೇಟೆ ಸುದ್ದಿ ಇದ್ದದ್ದು ಅವನ ಹತ್ರ ಮಾತ್ರ. ಈಗ ನಾನು ಅವನೆದುರೇ ಫೋನ್ ತೆಗೆದು ತೋರಿಸ್ತೀನಿ. ಮಾತು ಅಲ್ಲಿಗೇ ನಿಲ್ಲುತ್ತೆ. ಬೋರ್‌ವೆಲ್ ನೀರಲ್ಲಿ ತೋಟ ಮಾಡೋರು ನಾವು, ಕರೆಂಟು ಎಷ್ಟೊತ್ತಿಗೆ ಅನ್ನೋದೂ ಗುಂಪಲ್ಲೇ ಗೊತ್ತಾಗೋದು. ಮಧ್ಯಾಹ್ನ ನೆಟ್ ಬಂದ್ ಮಾಡಿದ್ರೆ ಅವತ್ತಿನ ನೀರು ಹೋಯ್ತು. ಆಫ್‌ಲೈನ್ ಇರೋದು ಹೊಟ್ಟೆ ತುಂಬಿದವರ ಮಾತು ಅಂತ ನನಗೆ ಒಮ್ಮೊಮ್ಮೆ ಅನ್ಸುತ್ತೆ, ಬೇಜಾರ್ ಮಾಡ್ಕೋಬೇಡಿ.

ಶಾಲ್ಮಲೆ (ಸಿರ್ಸಿ)

ಬೇಜಾರೇನಿಲ್ಲ ತಮ್ಮಾ, ನೀನು ಹೇಳಿದ್ದು ಸರಿ. ಕೇಣಿ ಮಾತಾಡೋ ದಿನ ದರ ನೋಡಿದ್ರೆ ಅದರಿಂದ ಕೆಲಸ ಆಯ್ತು. ಕೇಣಿ ಕೊಟ್ಟಾದ ಮೇಲೂ ನೋಡ್ತಾ ಇದ್ದೀಯಾ? ಅದನ್ನ ಹೇಳು.

ಬಯಲುಸೀಮೆ ಹುಡುಗ (ಚನ್ನಗಿರಿ)

ನೋಡ್ತೀನಿ. ಕೊಟ್ಟಾದ ಮೇಲೇ ಜಾಸ್ತಿ 😄

ಮಲಪ್ರಭಾ (ಬೆಳಗಾವಿ ಹತ್ರದ ಹಳ್ಳಿ)

ನಮ್ಮದು ಕಬ್ಬು, ಅಡಿಕಿ ಗೊತ್ತಿಲ್ರಿ. ಆದ್ರ ವಿಷಯ ನಮಗೂ ಹತ್ತತೈತಿ ಅಂತ ಬರ್ಯಾಕತ್ತೇನಿ. ನಮ್ಮ ಬೆಳಗಾವಿ ಬಾಜೂ ಹಲಗಾ ಅನ್ನೂ ಊರಾಗ ಸಂಜೀ ಏಳಕ್ಕ ಸೈರನ್ ಹೊಡೀತಾರ, ಒಂಬತ್ತರ ತನಾ ಟಿವಿ ಮೊಬೈಲ್ ಎಲ್ಲಾ ಬಂದ್. ಇದು ಬಂದಿದ್ದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲಾದಿಂದ. ಅಲ್ಲಿ ಮೋಹಿತ್ಯಾಂಚೆ ವಡಗಾಂವ್ ಅಂತ ಊರು, 2022ರ ಆಗಸ್ಟ್‌ದಾಗ ಶುರು ಮಾಡಿದ್ರು, ಗುಡಿ ಮ್ಯಾಗಿನ ಸೈರನ್ ಏಳಕ್ಕ ಒಮ್ಮಿ, ಎಂಟೂವರೀಗೆ ಒಮ್ಮಿ. ಕೊರೊನಾದಾಗ ಆನ್‌ಲೈನ್ ಸಾಲಿ ಅಂತ ಹುಡುಗರ ಕೈಯಾಗ ಮೊಬೈಲ್ ಕೊಟ್ರಲಾ, ಆಮ್ಯಾಲೆ ಅದನ್ನ ಕಸಗೊಳ್ಳೂದು ಯಾರ ಕೈಲಿಂದನೂ ಆಗಲಿಲ್ಲ, ಅದಕ್ಕ ಊರಾಗ ಸಭಾ ಕರದು ಮಾಡಿದ್ದು.

ನನಗ ಅದರಾಗ ಹಿಡಿಸಿದ್ದು ಏನಂದ್ರ, ಎಲ್ಲಾರೂ ಒಮ್ಮೆಲೇ ಬಂದ್ ಮಾಡ್ತಾರ. ನಾ ಒಬ್ಬಾಕಿನ ಬಂದ್ ಮಾಡಿದ್ರ 'ಬಾಜೂ ಮನಿಯವ್ರಿಗೆ ಏನೋ ಗೊತ್ತಾತು, ನನಗ ಗೊತ್ತಾಗಲಿಲ್ಲ' ಅಂತ ಮನಸ್ಸು ಹೊಯ್ದಾಡತೈತಿ. ಊರಿಗೆ ಊರ ಬಂದ್ ಆದ್ರ ಆ ತ್ರಾಸ ಇಲ್ಲ. ಅಣ್ಣಾರ, ನಿಮ್ಮ ಕೊನಿಗಾರರ ಗುಂಪು, ಸೊಸೈಟಿ ಗುಂಪಿನ ಅಡ್ಮಿನ್‌ಗೋಳಿಗೆ ಕೇಳಿ ನೋಡ್ರಿ, ಇಷ್ಟೊತ್ತಿನಿಂದ ಇಷ್ಟೊತ್ತಿನ ತನಾ ಯಾರೂ ಹಾಕಬ್ಯಾಡ್ರಿ ಅಂತ. ಗುಂಪು ಅಡ್ಮಿನ್ ಒಬ್ಬಾಂವನ ಮೆಸೇಜ್ ಹಾಕೂ ಹಂಗ ಮಾಡಾಕ ಬರತೈತಿ.

ಅಪ್ಪನ ಫೋನ್ ಮೆಕ್ಯಾನಿಕ್ (ಬೆಂಗಳೂರು, ಊರು ಶೃಂಗೇರಿ)

ಊರಿಗೆ ಹೋದಾಗಲೆಲ್ಲ ನನ್ನ ಮೊದಲ ಕೆಲಸ ಅಪ್ಪನ ಫೋನ್ ಸ್ಟೋರೇಜ್ ಖಾಲಿ ಮಾಡೋದು, ಹಾಗಾಗಿ ಹಳದಿ ಎಲೆ ರೋಗದ ಮೇಲೆ ಪಿಎಚ್‌ಡಿ ಆಗಿದೆ. ನಾನು ಅಪ್ಪನಿಗೆ ಮಾಡಿಕೊಟ್ಟಿದ್ದನ್ನ ಹೇಳ್ತೀನಿ. ವಾಟ್ಸಾಪ್ ಸೆಟ್ಟಿಂಗ್‌ನಲ್ಲಿ ಫೋಟೋ, ವಿಡಿಯೋ ತಾನಾಗಿ ಡೌನ್‌ಲೋಡ್ ಆಗೋದನ್ನ ತೆಗೆದೆ. ಒತ್ತಿದ್ರೆ ಮಾತ್ರ ಇಳಿಯುತ್ತೆ, ಅಪ್ಪ ಹತ್ತರಲ್ಲಿ ಒಂದನ್ನೂ ಒತ್ತೋದಿಲ್ಲ. ಗುಂಪುಗಳನ್ನೆಲ್ಲ ಆರ್ಕೈವ್‌ಗೆ ಹಾಕಿದೆ. ಮೊದಲು ಹೊಸ ಮೆಸೇಜ್ ಬಂದ ಕೂಡಲೇ ಅವು ಮತ್ತೆ ಮೇಲೆ ಏಳ್ತಿದ್ವು, 2021ರಿಂದ ಹಾಗಿಲ್ಲ, ಒಳಗೇ ಇರುತ್ವೆ. ಮೇಲ್ಗಡೆ ಕಾಣೋದು ಅಮ್ಮ, ನಾನು, ತಂಗಿ, ಕೊನೆಗಾರ, ಸೊಸೈಟಿ ಸೆಕ್ರೆಟರಿ ಮಾತ್ರ. ಯೂಟ್ಯೂಬ್‌ಗೆ ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ದಿನಕ್ಕೆ ಇಷ್ಟೇ ಹೊತ್ತು ಅಂತ ಮಿತಿ ಇಟ್ಟೆ. ಅಪ್ಪ ಅದನ್ನ ತೆಗೆಯೋದು ಹೇಗೆ ಅಂತ ಯೂಟ್ಯೂಬ್‌ನಲ್ಲೇ ನೋಡಿ ಕಲಿತರು. ಆಮೇಲೆ ಆ ವಿಷಯ ಬಿಟ್ಟೆ.

ನಿಜವಾಗಿ ಕೆಲಸ ಮಾಡಿದ್ದು ಚಾರ್ಜರ್. ಮಲಗೋ ಕೋಣೆಯಿಂದ ತೆಗೆದು ಅಡುಗೆಮನೆ ಪಕ್ಕದ ಗೋಡೆಗೆ ಹಾಕಿದ್ವಿ. ಅಲಾರಂಗೆ ಬೇರೆ ಗಡಿಯಾರ. ರಾತ್ರಿ ಎದ್ದು ಬಾತ್‌ರೂಮಿಗೆ ಹೋದಾಗ ದರ ನೋಡೋದು ನಿಂತಿತು. ರಾತ್ರಿ ಮಂಡಿ ಬಾಗಿಲು ಹಾಕಿರುತ್ತೆ ಅಪ್ಪಾ ಅಂತ ಎಷ್ಟು ಸಲ ಹೇಳಿದ್ರೂ ನಿಲ್ಲದೇ ಇದ್ದದ್ದು!

ಗಂಭೀರವಾಗಿ ಒಂದು ಮಾತು: ನಿದ್ದೆಯೇ ಬರ್ತಿಲ್ಲ, ಎದೆ ಹೊಡ್ಕೊಳ್ಳುತ್ತೆ, ಮನೆಯಲ್ಲಿ ಜಗಳ ಅನ್ನೋ ಹಂತಕ್ಕೆ ಹೋಗಿದ್ರೆ ಇದು ಬರೀ ಅಭ್ಯಾಸದ ವಿಷಯ ಅಲ್ಲ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಶಟ್ ಕ್ಲಿನಿಕ್ ಇದೆ, 2014ರಿಂದ. ಬೆಂಗಳೂರಿಗೆ ಬರೋಕೆ ಆಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕಾಲ್ ಮಾಡಿ, ಕನ್ನಡದಲ್ಲಿ ಮಾತಾಡಬಹುದು. ನಾಚಿಕೆ ಪಡೋದೇನಿಲ್ಲ.

ತುಂಗೆ ದಡದ ತೋಟ (ತೀರ್ಥಹಳ್ಳಿ ತಾಲೂಕು)

ಎಲ್ಲರಿಗೂ ಥ್ಯಾಂಕ್ಸ್. ನಿದ್ದೆ ಬರುತ್ತೆ ಮಾರಾಯ್ರೆ, ಅಲ್ಲೀವರೆಗೆ ಹೋಗಿಲ್ಲ.

ಸಿರ್ಸಿ ಅಕ್ಕನ ಪ್ರಶ್ನೆ ಇಟ್ಟುಕೊಂಡು ಎಲ್ಲಾ ಗುಂಪುಗಳ ಮೇಲೆ ಒಂದು ಸಲ ಕಣ್ಣಾಡಿಸಿದೆ. ಇವತ್ತು ಇದರಿಂದ ಏನಾದ್ರೂ ಮಾಡ್ತೀನಾ ಅಂದ್ರೆ ಹೌದು ಅನ್ನಿಸಿದ್ದು ಕೊನೆಗಾರರದ್ದು, ತ್ರೀಫೇಸಿನದ್ದು ಮಾತ್ರ. ಚನ್ನಗಿರಿ ತಮ್ಮ ಹೇಳಿದ ಹಾಗೆ ಕರೆಂಟಿನ ಗುಂಪು ಬಿಡೋಕಾಗಲ್ಲ, ಆದ್ರೆ ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ಪಂಪ್ ಹಾಕೋದೇ ಇಲ್ಲವಲ್ಲ, ಆಗ ಅದೂ ಬೇಡ. ದರದ್ದು ಎರಡರಿಂದಲೂ ಹೊರಬಂದೆ. ಎಲೆಚುಕ್ಕೆ ಗುಂಪು ಬಿಡೋಕೆ ಇನ್ನೂ ಧೈರ್ಯ ಸಾಲದು. ಅದನ್ನ ಆರ್ಕೈವ್‌ಗೆ ಹಾಕಿದ್ದೀನಿ, ಭಾನುವಾರ ನೋಡೋದು ಅಂತ. ಸಾವಯವದವರ ಗುಂಪು ಇಟ್ಟುಕೊಂಡಿದ್ದೀನಿ, ಮಾಹಿತಿಗಲ್ಲ, ಜಗಳ ಚೆನ್ನಾಗಿರುತ್ತೆ.

ಅಡ್ಮಿನ್ ವಿಷಯ ನಮ್ಮ ಸೊಸೈಟಿಯವರ ಹತ್ರ ಎತ್ತಿದೆ. "ಮಧ್ಯಾಹ್ನ ಯಾರೂ ಹಾಕಬೇಡಿ ಅಂದ್ರೆ ಸಂಜೆ ಎಲ್ಲಾ ಸೇರಿಸಿ ಹಾಕ್ತಾರೆ" ಅಂದ್ರು. ಅದೂ ನಿಜವೇ. ಮುಂದಿನ ಮೀಟಿಂಗಿನಲ್ಲಿ ಇಡ್ತಾರಂತೆ, ನೋಡಬೇಕು.

ಮಧ್ಯಾಹ್ನ ನೆಟ್ ತೆಗೆದು ತೋಟಕ್ಕೆ ಹೋಗ್ತಿದ್ದೀನಿ. ಕೈಗೆ ಏನಾದ್ರೂ ಬೇಕು ಅನ್ನಿಸುತ್ತೆ, ಅದಕ್ಕೆ ಮಳೆ ಲೆಕ್ಕ ಇಡೋಣ ಅಂತ ಯೋಚನೆ. ಅಜ್ಜ ಇಡ್ತಿದ್ರು, ಇಂಚಿನಲ್ಲಿ. ಅಕ್ಕಾ, ನಿಮ್ಮಲ್ಲಿ ಮಳೆಮಾಪಕ ಇದೆಯಾ? ಎಂಥದ್ದು ತಗೊಂಡ್ರೆ ಒಳ್ಳೇದು?

ಶಾಲ್ಮಲೆ (ಸಿರ್ಸಿ)

ಇದೆ. ಪ್ಲಾಸ್ಟಿಕ್ಕಿನದ್ದೇ ಸಾಕು, ಆದ್ರೆ ಚಿಕ್ಕದು ತಗೋಬೇಡಿ. ಆಗುಂಬೆ ನಿಮ್ಮ ತಾಲೂಕಿನದ್ದೇ ಅಲ್ವಾ, ಜುಲೈನಲ್ಲಿ ಚಿಕ್ಕ ಮಾಪಕ ರಾತ್ರಿಯೇ ತುಂಬಿ ಹರಿದು ಲೆಕ್ಕ ತಪ್ಪುತ್ತೆ. ಇನ್ನೂರು ಮಿಲಿಮೀಟರ್ ದಾಟಿ ಹಿಡಿಯೋದು ನೋಡಿ, ಜಡಿಮಳೆ ದಿನ ಸಂಜೆಯೂ ಒಂದು ಸಲ ಅಳೆದು ಖಾಲಿ ಮಾಡಿ. ತೋಟದೊಳಗೆ ಇಡಬೇಡಿ, ಸೋಗೆಯಿಂದ ಇಳಿಯೋ ನೀರೂ ಸೇರಿಕೊಳ್ಳುತ್ತೆ. ಅಂಗಳದಲ್ಲಿ, ಮಾಡಿನ ನೀರು ಸಿಡಿಯದಷ್ಟು ದೂರ, ಗೂಟಕ್ಕೆ ಕಟ್ಟಿ. ಹವಾಮಾನ ಇಲಾಖೆಯವರು ನೋಡೋದು ಬೆಳಗ್ಗೆ ಎಂಟೂವರೆಗೆ, ನೀವೂ ಅದೇ ಹೊತ್ತಿಗೆ ನೋಡಿದ್ರೆ ಹೋಲಿಸೋಕೆ ಸುಲಭ. ಅಜ್ಜನ ಲೆಕ್ಕದ ಪುಸ್ತಕ ಇನ್ನೂ ಇದ್ರೆ ಇಂಚಿಗೆ 25.4 ಮಿಲಿಮೀಟರ್ ಅಂತ ಹಿಡಿದು ಪಕ್ಕದಲ್ಲೇ ಬರೆದುಕೊಳ್ಳಿ.

ಕೊಡಚಾದ್ರಿ ಬುಡ (ನಿಟ್ಟೂರು)

ಮಳೆ ಲೆಕ್ಕದ ಗುಂಪು ಒಂದಿದೆ, ಸೇರಿಸ್ಲಾ?